ಲಾನೆರ್ಖೈರಾನ್ ವಿಲ್ಲಾ: ಮುಂಬಾಗಿಲೂ ಹಿತ್ತಿಲೂ

ಪಶ್ಚಿಮ ವೇಲ್ಸಿನ ಐರಾನ್ ನದಿಯ ಕಣಿವೆಯಲ್ಲಿರುವ ಲಾನೆರ್ಖೈರಾನ್ ಭವನವನ್ನು ವಾಸ್ತುಶಿಲ್ಪಿ ಜಾನ್ ನ್ಯಾಶ್‌ನ ಆರಂಭಕಾಲದ ಕೃತಿಯೆಂದು ವಿಮರ್ಶಕರು ಸಾಮಾನ್ಯವಾಗಿ ಪರಿಗಣಿಸುವರು. 1783ರಲ್ಲಿ ದಿವಾಳಿಯಾಗಿ ಲಂಡನ್ನಿನಿಂದ ವೇಲ್ಸಿಗೆ ಬಂದ ನ್ಯಾಶ್, 1790ರ ದಶಕದಲ್ಲಿ ವಿಲಿಯಂ ಲೂಯಿಸ್ ಎಂಬ ಜಮೀನುದಾರನಿಗಾಗಿ ಹಳೆಯ ಮನೆಯೊಂದನ್ನು ಇಂದಿನ ರೂಪಕ್ಕೆ ತಂದನು. ಮುಂದೆ ಲಂಡನ್ನಿನ ರೀಜೆಂಟ್ ಬೀದಿಯನ್ನು ರೂಪಿಸಿದ ಕೈ ಇದೇ ಎಂಬ ಕಾರಣದಿಂದ ಇದನ್ನು ಹೊಗಳುವುದು ಸುಲಭ. ಆದರೆ ಈ ಹೊಗಳಿಕೆ ಕಟ್ಟಡದ ಅರ್ಧವನ್ನು ಮಾತ್ರ ಕಾಣುತ್ತದೆಂದು ನಮ್ಮ ಅಭಿಪ್ರಾಯ.

ಮುಖಭಾಗದ ಗುಣ ನಿರ್ವಿವಾದವಾದುದು. ಎರಡು ಅಂತಸ್ತಿನ ಚೌಕಾಕಾರದ ಮನೆ; ಗಾರೆ ಬಳಿದ ಸರಳ ಗೋಡೆ; ಮುಂಚಾಚಿದ ಸೂರು; ಅಲಂಕಾರವಿಲ್ಲವೆಂದೇ ಹೇಳಬಹುದು. ಇಲ್ಲಿ ಸೊಗಸು ಹುಟ್ಟುವುದು ಅಳತೆಗಳ ಹೊಂದಾಣಿಕೆಯಿಂದ.

ಹಿಂಬದಿಗೆ ಹೋದರೆ ಮತ್ತೊಂದು ಲೋಕವೇ ತೆರೆಯುತ್ತದೆ. ಮನೆಗೆ ಅಂಟಿಕೊಂಡ ಅಂಗಳದ ಸುತ್ತ ಹಾಲುಮನೆ, ಬಟ್ಟೆ ಒಗೆಯುವ ಮನೆ, ರೊಟ್ಟಿ ಸುಡುವ ಒಲೆ, ಬಿಯರು ಕಾಸುವ ಕೋಣೆ, ಮಾಂಸಕ್ಕೆ ಉಪ್ಪು ಹಾಕುವ ಕೋಣೆ. ಅವುಗಳಾಚೆ ದನದ ಕೊಟ್ಟಿಗೆಗಳು, ಎತ್ತರದ ಗೋಡೆಯೊಳಗಿನ ತೋಟಗಳು. ತನಗೆ ಬೇಕಾದುದನ್ನು ಬಹುಮಟ್ಟಿಗೆ ತಾನೇ ಬೆಳೆದುಕೊಳ್ಳುತ್ತಿದ್ದ ಸಂಸಾರವಿದು.

ಪ್ರಾಚೀನ ರೋಮಿನ ಕೃಷಿಶಾಸ್ತ್ರಕಾರ ಕೊಲುಮೆಲ್ಲನು ವಿಲ್ಲಾವನ್ನು ಯಜಮಾನನ ವಾಸ, ಆಳುಗಳ ಮತ್ತು ಪಶುಗಳ ನೆಲೆ, ಫಸಲಿನ ಉಗ್ರಾಣ ಎಂದು ಮೂರು ಭಾಗವಾಗಿ ವಿಂಗಡಿಸಿದ್ದಾನೆ. ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಆ ಪದವು ಕ್ರಮೇಣ ಸಿರಿವಂತರ ಅಡಕವಾದ ವಿರಾಮಗೃಹಕ್ಕೆ ಸಂಕುಚಿತವಾಯಿತು. ಲಾನೆರ್ಖೈರಾನ್ ಹೊಸ ಅರ್ಥವನ್ನು ಮುಂದೆ ತೋರಿಸಿ, ಹಳೆಯ ಅರ್ಥವನ್ನು ಹಿಂದೆ ಉಳಿಸಿಕೊಂಡಿದೆ. ಮುಂಭಾಗದ ನಿಶ್ಚಿಂತೆಗೆ ಆಧಾರವಾದುದು ಹಿಂಬದಿಯ ಅವಿರತ ದುಡಿಮೆ. ಆದರೆ ಮುಂಬಾಗಿಲಿಗೆ ಬಂದ ಅತಿಥಿಗೆ ಆ ದುಡಿಮೆಯ ಸುಳಿವು ಸಿಗದು. ದುಡಿಮೆಯನ್ನು ಕೈಗೆಟಕುವಷ್ಟು ಹತ್ತಿರ ಇರಿಸಿಕೊಂಡು ಕಣ್ಣಿಗೆ ಬೀಳದಂತೆ ಮಾಡಿದುದೇ ಈ ವಿನ್ಯಾಸದ ಜಾಣ್ಮೆ. ಅದರ ನೈತಿಕ ಮಿತಿಯೂ ಅದೇ.

1989ರಲ್ಲಿ ಈ ಆಸ್ತಿ ಮರಣಶಾಸನದ ಮೂಲಕ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಅನೇಕ ಕಡೆ ಸೊಗಸಾದ ಮುಖಭಾಗವಷ್ಟೇ ಉಳಿದು, ಹಿತ್ತಿಲ ಕಟ್ಟಡಗಳು ಅಳಿದಿವೆ. ಇಲ್ಲಿ ಎರಡೂ ಉಳಿದಿವೆ. ಆದುದರಿಂದ ವಾಸ್ತುವಿನ ವಿದ್ಯಾರ್ಥಿಗಳು ಇದರ ಮುಖಚಿತ್ರಕ್ಕೆ ಮೊದಲು ನೆಲನಕ್ಷೆಯನ್ನು ಓದಬೇಕೆಂದು ನಾವು ಸೂಚಿಸುತ್ತೇವೆ. ಮುಖಚಿತ್ರ ಶಿಲ್ಪಿಯ ಅಭಿರುಚಿಯನ್ನು ಹೇಳೀತು. ಆ ಮನೆ ಯಾರ ಶ್ರಮದಿಂದ ನಡೆಯಿತೆಂಬುದನ್ನು ನೆಲನಕ್ಷೆಯೇ ಹೇಳಬೇಕು.