ಸುವರ್ಣಮುದ್ರಿಕೆಯ ಸಂಕಲನ: ಒಂದು ವಿಮರ್ಶೆ

ಕೃತಿಯೊಂದನ್ನು ತೂಗಿ ನೋಡುವವನು ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾರಿಗಾಗಿ ರಚಿತವಾಯಿತು ಎಂಬುದು. ನಮ್ಮ ಆಲಂಕಾರಿಕರು ಕಾವ್ಯದ ಸಾರ್ಥಕ್ಯವನ್ನು ಸಹೃದಯನಲ್ಲಿ ಕಂಡರು. ಆದರೆ ಸಹೃದಯನು ಇರುವನೋ ಇಲ್ಲವೋ ಎಂಬುದೇ ತಿಳಿಯದೆ ಸಿದ್ಧವಾದ ಸಂಕಲನವೊಂದುಂಟು. ಅಮೆರಿಕದ ವಾಯೇಜರ್ ಎಂಬ ಎರಡು ವ್ಯೋಮನೌಕೆಗಳು 1977ರಲ್ಲಿ ಹೊತ್ತೊಯ್ದ, ಚಿನ್ನದ ಲೇಪವುಳ್ಳ ತಾಮ್ರದ ಧ್ವನಿಮುದ್ರಿಕೆಯೇ ಅದು. ಅದನ್ನು ಅದ್ಭುತವೆಂದು ಹೊಗಳಿದವರು ಬಹು ಮಂದಿ. ಸಂಕಲನವೆಂದು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮನುಷ್ಯರಿಲ್ಲದ ಈ ನೌಕೆಗಳ ಮುಖ್ಯ ಕಾರ್ಯ ನೋಡುವುದಾಗಿತ್ತು. 1979ರಲ್ಲಿ ಗುರುಗ್ರಹವನ್ನು ಸಮೀಪಿಸಿ, ಅದರ ಉಪಗ್ರಹವಾದ ಅಯೋದಲ್ಲಿ ಜ್ವಾಲಾಮುಖಿಗಳು ಉರಿಯುತ್ತಿರುವುದನ್ನು ಅವು ತೋರಿಸಿಕೊಟ್ಟವು. 1980ರಲ್ಲಿ ಒಂದು, 1981ರಲ್ಲಿ ಇನ್ನೊಂದು ಶನಿಯನ್ನು ಹಾದುಹೋದವು. ಎರಡನೆಯ ನೌಕೆಯು 1986ರಲ್ಲಿ ಯುರೇನಸನ್ನೂ 1989ರಲ್ಲಿ ನೆಪ್ಚೂನನ್ನೂ ಸಂದರ್ಶಿಸಿತು. ಆ ಎರಡು ಗ್ರಹಗಳ ಬಳಿಗೆ ಬೇರೊಂದು ನೌಕೆ ಇನ್ನೂ ಹೋಗಿಲ್ಲ. 2012ರಲ್ಲಿ ಮೊದಲನೆಯದೂ 2018ರಲ್ಲಿ ಎರಡನೆಯದೂ ಸೂರ್ಯಮಾರುತದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಬಯಲನ್ನು ಸೇರಿದವು. ವಿದ್ಯುಚ್ಛಕ್ತಿ ವರ್ಷೇ ವರ್ಷೇ ಕ್ಷೀಣಿಸುತ್ತಿರುವುದರಿಂದ ಯಂತ್ರದ ಕಣ್ಣು ಕಿವಿಗಳು ಒಂದೊಂದಾಗಿ ಮುಚ್ಚುತ್ತವೆ. ನೋಡುವ ಕೆಲಸ ಮುಗಿದ ಮೇಲೆಯೂ ಉಳಿಯತಕ್ಕದ್ದು ಹೇಳುವ ಕೆಲಸ.

ಕಾರ್ಲ್ ಸೇಗನ್ನರೂ ಅವರ ಮಿತ್ರರೂ ಕೂಡಿಸಿದ ಈ ಸಂಕಲನದಲ್ಲಿ 55 ಭಾಷೆಗಳ ಅಭಿವಾದನಗಳೂ, ಮಳೆ ಗಾಳಿ ಪಕ್ಷಿಗಳ ಧ್ವನಿಗಳೂ, ಸುಮಾರು 90 ನಿಮಿಷಗಳ ಸಂಗೀತವೂ, ನೂರಕ್ಕೆ ಮಿಕ್ಕ ಚಿತ್ರಗಳೂ ಅಡಕವಾಗಿವೆ. ಮುದ್ರಿಕೆಯನ್ನು ತಿರುಗಿಸುವ ಬಗೆಯನ್ನು ಮುಚ್ಚಳದ ಮೇಲೆ ರೇಖೆಗಳಿಂದ ಸೂಚಿಸಿದೆ.

ಮೊದಲು ದೋಷವನ್ನು ಹೇಳುತ್ತೇನೆ. ಯುದ್ಧ, ರೋಗ, ಅಪರಾಧ, ದಾರಿದ್ರ್ಯ ಇವುಗಳ ಚಿತ್ರಗಳನ್ನು ಸಂಪಾದಕರು ಬುದ್ಧಿಪೂರ್ವಕವಾಗಿ ಬಿಟ್ಟರು. ಅಪರಿಚಿತನ ಮುಂದೆ ಮನೆಯ ಜಗಳವನ್ನು ಹರಡಬಾರದೆಂಬ ಸಂಕೋಚ ಸಹಜವೇ. ಯುದ್ಧದ ಚಿತ್ರವನ್ನು ಅವನು ಬೆದರಿಕೆಯೆಂದು ಭಾವಿಸಬಹುದೆಂಬ ವಾದದಲ್ಲಿಯೂ ಹುರುಳುಂಟು. ಆದರೂ ಕುರುಕ್ಷೇತ್ರವನ್ನು ತೆಗೆದುಹಾಕಿದ ಭಾರತವನ್ನು ಭಾರತವೆಂದು ಯಾರು ಒಪ್ಪುವರು? ಶೋಕವನ್ನು ಮರೆಮಾಡಿದ ಚಿತ್ರಮಾಲೆ ಮದುವೆಯ ಮನೆಯ ಚಪ್ಪರದಂತೆ ಸುಂದರವಾಗಿದೆ. ಒಳಮನೆಯ ಸುದ್ದಿ ಅದರಿಂದ ತಿಳಿಯುವುದಿಲ್ಲ.

ಚಿತ್ರಗಳು ಮುಚ್ಚಿಟ್ಟದ್ದನ್ನು ಸಂಗೀತವು ಹೊರಗೆಡಹಿದೆ. ಇಲ್ಲಿಯ 27 ರಚನೆಗಳಲ್ಲಿ ಒಂದು, ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಗಾಯಕನು 1927ರಲ್ಲಿ ಹಾಡಿದುದು. ಅದರಲ್ಲಿ ಪದಗಳೇ ಇಲ್ಲ. ಬರಿಯ ನರಳಿಕೆ ಮತ್ತು ತಂತಿ. ಕೇಸರಬಾಯಿ ಕೇರ್ಕರ್ ಅವರು ಭೈರವಿಯಲ್ಲಿ ಹಾಡಿರುವ ಗೀತವು, ಒಬ್ಬಳೇ ಹೊರಟವಳನ್ನು ಎಲ್ಲಿಗೆಂದು ಕೇಳುವಂಥದು. ತಿರುಗಿ ಬಾರದ ನೌಕೆಗೆ ಇದಕ್ಕಿಂತ ಉಚಿತವಾದ ಪ್ರಶ್ನೆ ಯಾವುದು? ಮೊದಲನೆಯ ನೌಕೆ ಹೊರಟದ್ದು ಸೆಪ್ಟೆಂಬರ್ 5ರಂದು. ಆ ಗಾಯಕಿ ಅದೇ ತಿಂಗಳ 16ರಂದು ಕಾಲವಾದರು. ಕೊನೆಯಲ್ಲಿ, ಕಿವಿ ಕೇಳದ ಬೀಥೋವನ್ ರಚಿಸಿದ ಕವಾಟೀನವೆಂಬ ವಿಷಾದಮಯ ವಾದ್ಯಕೃತಿ. ಮನುಷ್ಯನು ನೊಂದವನೆಂಬುದನ್ನು ಸಂಪಾದಕರು ಚಿತ್ರದಲ್ಲಿ ಹೇಳಲಿಲ್ಲ. ಸ್ವರದಲ್ಲಿ ಹೇಳದೆ ಇರಲಾಗಲಿಲ್ಲ. ಇದು ಧ್ವನಿಯ ಮಾರ್ಗ. ಸಂಕಲನದ ಶ್ರೇಷ್ಠಭಾಗವೂ ಇದೇ.

ಇನ್ನು ಅಭಿವಾದನಗಳು. ಚುಟುಕಾಗಿರಬೇಕೆಂಬುದನ್ನು ಬಿಟ್ಟರೆ, ಏನು ಹೇಳಬೇಕೆಂದು ಮಾತನಾಡುವವರಿಗೆ ಕಟ್ಟುಪಾಡಿರಲಿಲ್ಲ. ಆದ್ದರಿಂದಲೇ ಇಲ್ಲಿ ಆಯಾ ಭಾಷೆಯ ಸ್ವಭಾವಕ್ಕಿಂತ ಆಯಾ ಕ್ಷಣದ ಮನಸ್ಸು ಕಾಣುತ್ತದೆ. 55ರಲ್ಲಿ ನಮ್ಮ ಕನ್ನಡವೂ ಒಂದೆಂಬುದು ಸಂತೋಷದ ವಿಷಯ. ನಮಸ್ಕಾರವನ್ನು ಹೇಳಿ, ಕನ್ನಡಿಗರ ಪರವಾಗಿ ಶುಭವನ್ನು ಕೋರಿರುವ ಆ ಮಾತಿನಲ್ಲಿ ಕುಂದಿಲ್ಲ. ಆದರೆ ಅದು ಸಭೆಯ ವೇದಿಕೆಯ ಮಾತು. ತೆಲುಗಿನ ಅಭಿವಾದನವೂ ಇದೇ ಜಾಡಿನದು. ರಾಜಸ್ಥಾನಿಯವರು ತಾವಿಲ್ಲಿ ಸುಖವಾಗಿರುವುದನ್ನು ತಿಳಿಸಿ, ಅಲ್ಲಿಯವರ ಸುಖವನ್ನು ಹಾರೈಸಿದರು: ನಮ್ಮ ಹಿರಿಯರ ಕಾಗದಗಳ ಉಭಯಕುಶಲೋಪರಿ! ಚೀನದ ಅಮೋಯ್ ನುಡಿಯ ಮಹಿಳೆಯಂತೂ ಊಟವಾಯಿತೇ ಎಂದು ವಿಚಾರಿಸಿ, ಬಿಡುವಾದಾಗ ಬಂದುಹೋಗಿರೆಂದು ಕರೆದರು. ಕನ್ನಡ ನಾಡಿನ ಯಾವ ಜಗಲಿಯ ಮೇಲೆ ಈ ಮಾತು ಕೇಳಿಬರುವುದಿಲ್ಲ? ನಾವು ಆಡಬೇಕಾಗಿದ್ದ ಮಾತನ್ನು ಇನ್ನೊಬ್ಬರು ಆಡಿದರು.

ಇದನ್ನು ಆ ಕನ್ನಡಿಗರ ಮೇಲಣ ಆಕ್ಷೇಪವೆಂದು ವಾಚಕರು ಎಣಿಸಬಾರದು. ನಮ್ಮನ್ನು ನಿಲ್ಲಿಸಿದ್ದರೆ ನಾವೂ ಪ್ರತಿನಿಧಿಗಳಾಗಿಯೇ ಮಾತನಾಡುತ್ತಿದ್ದೆವು. ದೊಡ್ಡ ಸಂದರ್ಭವೆಂದೊಡನೆ ಮನೆಮಾತನ್ನು ಬಿಟ್ಟು ಭಾಷಣದ ಉಡುಪು ತೊಡುವುದು ನಮ್ಮ ಬರವಣಿಗೆಯ ಹಳೆಯ ರೋಗ. ಮೊದಲನೆಯ ನೌಕೆಯು ಮತ್ತೊಂದು ನಕ್ಷತ್ರದ ಕಡೆಯನ್ನು, ಅದೂ ದೂರದಿಂದ, ಹಾಯುವುದಕ್ಕೆ ಸುಮಾರು 40,000 ವರ್ಷಗಳು ಬೇಕು. ಅಲ್ಲಿ ಕೇಳುವವರು ಇಲ್ಲದೆ ಹೋದರೂ ಈ ಸಂಕಲನದಿಂದ ನಾವು ಕಲಿಯತಕ್ಕ ಪಾಠ ಇಷ್ಟು: ಬಹುದೂರ ಹೋಗಬೇಕಾದ ಮಾತು ಮನೆಯ ಬಾಗಿಲಿನಿಂದಲೇ ಹೊರಡಬೇಕು.