ಲೌಟರ್‌ಬ್ರುನ್ನೆನ್ನಿನಲ್ಲಿ ಮಳೆ ಹಿಡಿದಾಗ

ಡೇರೆಗಳಲ್ಲಿ ತಂಗುತ್ತ ಯೂರೋಪನ್ನು ಸುತ್ತುವ ತಂಡಗಳು ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಗೆ ಬರುವುದು ಬಹುಮಟ್ಟಿಗೆ ಯುಂಗ್‌ಫ್ರೌ ಶಿಖರದ ದರ್ಶನಾರ್ಥವಾಗಿ. 4,158 ಮೀಟರಿನ ಆ ಶಿಖರವೂ, 3,454 ಮೀಟರಿನವರೆಗೆ ಏರುವ, 1912ರಲ್ಲಿ ಪೂರ್ಣಗೊಂಡ ಅಲ್ಲಿಯ ರೈಲುಮಾರ್ಗವೂ ಮೇಘಾವೃತವಾಗಿ ಮಳೆ ಹಿಡಿಯಿತೆಂದರೆ, ಬಂದ ದಾರಿಗೆ ಸುಂಕವಿಲ್ಲವೆಂದು ಮರುದಿನವೇ ಡೇರೆ ಕಿತ್ತು ಹೊರಡುವವರು ಬಹಳ. ಈ ಅವಸರವನ್ನು ನಾನು ಒಪ್ಪಲಾರೆ. ಈ ಕಣಿವೆಯ ನಿಜವಾದ ಐಶ್ವರ್ಯ ನೀರು. ಅದು ಪೂರ್ಣರೂಪದಲ್ಲಿ ಕಾಣಬೇಕಾದರೆ ಮಳೆಯೇ ಬರಬೇಕು.

ಹಿಮನದಿ ಕೊರೆದ ಈ ಕಣಿವೆಯ ಇಕ್ಕೆಲಗಳಲ್ಲಿ ನೆಟ್ಟಗೆ ನಿಂತ ಸುಣ್ಣಕಲ್ಲಿನ ಪ್ರಪಾತಗಳಿವೆ. ಅಲ್ಲಿಂದ 297 ಮೀಟರ್ ಧುಮುಕುವ ಸ್ಟೌಬ್‌ಬಾಖ್ ಜಲಪಾತ, ನೀರು ಕಡಿಮೆಯಾದ ದಿನಗಳಲ್ಲಿ, ನೆಲ ಮುಟ್ಟುವ ಮೊದಲೇ ಗಾಳಿಗೆ ಸಿಕ್ಕಿ ತುಂತುರಾಗಿ ಚದುರುವುದು. 1779ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಕವಿ ಗಯಟೆ, ಮಾನವಾತ್ಮವನ್ನು ನೀರಿಗೆ ಹೋಲಿಸುವ ತನ್ನ ಪ್ರಸಿದ್ಧ ಕವಿತೆಗೆ ಇದರಿಂದಲೇ ಸ್ಫೂರ್ತಿ ಪಡೆದನು. ಒಂದು ರಾತ್ರಿ ಮಳೆ ಸುರಿದರೆ ಅದೇ ಧಾರೆ ಮೈದುಂಬಿಕೊಳ್ಳುವುದಲ್ಲದೆ, ನಿನ್ನೆ ಬರಿಯ ಬಂಡೆಯಾಗಿದ್ದ ಎಡೆಗಳಿಂದಲೂ ಹೊಸ ಧಾರೆಗಳು ಇಳಿಯತೊಡಗಿ, ಅವುಗಳ ಗಂಭೀರ ಘೋಷ ಕಣಿವೆಯ ತಳದ ಬಿಡಾರವನ್ನೆಲ್ಲ ತುಂಬುವುದು.

ಇದನ್ನು ನೆಮ್ಮದಿಯಿಂದ ಕೇಳಬೇಕಾದರೆ ಡೇರೆಯ ಧರ್ಮವನ್ನು ಬಲ್ಲವರಾಗಿರಬೇಕು. ಹತ್ತಿಯ ಕ್ಯಾನ್ವಾಸು ನೆನೆದಾಗ ಅದರ ಎಳೆಗಳು ಉಬ್ಬಿ ರಂಧ್ರಗಳನ್ನು ಮುಚ್ಚಿ ನೀರನ್ನು ತಡೆಯುತ್ತವೆ. ಒಳಗಿನಿಂದ ಅದಕ್ಕೆ ಬೆರಳು ತಗುಲಿತೋ, ತಗುಲಿದಲ್ಲಿಂದಲೇ ನೀರು ಜಿನುಗತೊಡಗುವುದು. ಸೆಣಬಿನ ಹಗ್ಗ ನೆನೆದರೆ ಬಿಗಿದುಕೊಂಡು ಗೂಟವನ್ನೇ ಕಿತ್ತೀತಾದುದರಿಂದ ಮಲಗುವ ಮುನ್ನ ಅದನ್ನು ಸಡಿಲಿಸಬೇಕು. ನೈಲಾನಿನ ಬಟ್ಟೆಯಾದರೋ ನೆನೆದಾಗ ಜೋಲುವುದರಿಂದ ಅದರ ಹಗ್ಗಗಳನ್ನು ಮತ್ತೆ ಬಿಗಿಯಬೇಕು. ನೆಲಹಾಸಿನ ಅಂಚು ಡೇರೆಯಿಂದ ಅಂಗುಲದಷ್ಟು ಹೊರಚಾಚಿದ್ದರೂ ಮಳೆನೀರನ್ನು ಹಿಡಿದು ಹಾಸಿಗೆಯಡಿಗೇ ತರುತ್ತದೆ. ಚಳಿಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದವರು, ತಮ್ಮ ಉಸಿರಿನ ತೇವವೇ ಒಳಗೋಡೆಯಲ್ಲಿ ಹನಿಗಟ್ಟಿ ತೊಟ್ಟಿಕ್ಕಿದಾಗ, ಡೇರೆ ಸೋರಿತೆಂದು ದೂರುವುದುಂಟು. ಒಳಗೆ ಒಲೆ ಹಚ್ಚುವುದಂತೂ ಸರ್ವಥಾ ಕೂಡದು. ಅದರ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬಿಸಿಲಿನ ದಿನಗಳಲ್ಲಿ ತಲೆಗೊಂದು ದಿಕ್ಕು ಹಿಡಿಯುವ ತಂಡ, ಮಳೆಯ ದಿನ ಅಡುಗೆಯ ಚಪ್ಪರದಡಿ ಆಲೂಗಡ್ಡೆ ಹೆರೆಯುತ್ತ ಸಾರು ಕುದಿಯುವುದನ್ನು ಕಾಯುವಾಗಲೇ ಮೊದಲ ಬಾರಿಗೆ ಪರಸ್ಪರ ಊರು, ಮನೆ, ತಾಯಿತಂದೆಗಳನ್ನು ವಿಚಾರಿಸಿಕೊಳ್ಳುವುದು. ಊಟವಾದ ಮೇಲೆ ಕೋಟು ತೊಟ್ಟು, ಹಿಮನದಿಗಳ ನುಣ್ಪುಡಿಯಿಂದ ಬೂದುಬಿಳುಪಾದ ಲ್ಯೂಟ್ಷಿನೆ ನದಿಯ ದಡದಲ್ಲಿ ಸುಮಾರು ಮೂರು ಕಿಲೋಮೀಟರು ನಡೆದರೆ ಟ್ರುಮ್ಮೆಲ್‌ಬಾಖ್. ಐಗರ್, ಮ್ಯೋಂಖ್, ಯುಂಗ್‌ಫ್ರೌ ಶಿಖರಗಳ ಹಿಮನದಿಗಳ ನೀರು ಇಲ್ಲಿ ಬೆಟ್ಟದ ಹೊಟ್ಟೆಯೊಳಗೇ ಹತ್ತು ಪಾತಗಳಾಗಿ ಬೀಳುತ್ತದೆ. ಪ್ರವಾಹಕಾಲದಲ್ಲಿ ಸೆಕೆಂಡಿಗೆ 20,000 ಲೀಟರಿನವರೆಗೆ ಹರಿಯುವ ಆ ನೀರಿನ ಭರಕ್ಕೆ ಕಾಲಡಿಯ ಬಂಡೆಯೇ ಕಂಪಿಸುವುದು. ಶಿಖರವನ್ನು ಕಾಣಲಿಲ್ಲವೆಂದು ಕೊರಗುವವರು, ಅದರ ಹಿಮವೇ ಕರಗಿ ಹೀಗೆ ಎದುರಿಗೆ ಇಳಿದುಬರುತ್ತಿರುವುದನ್ನು ನೋಡಬಾರದೇಕೆ? ಪ್ರವಾಸದ ಕಾರ್ಯಕ್ರಮ ಬರೆಯುವವರು ಪ್ಯಾರಿಸಿನಿಂದ ಒಂದು ದಿನವನ್ನು ಕಡಿದಾದರೂ ಸರಿಯೆ, ಇಲ್ಲಿ ಇನ್ನೊಂದು ರಾತ್ರಿಯನ್ನು ಸೇರಿಸಲಿ.