ನಾಲ್ಕು ಕೊಳವೆ, ಒಂದು ಪ್ರತಿಷ್ಠೆ

ಕಾರಿನ ಎಂಜಿನ್ ಮಾಡಿಫೈ ಮಾಡಿಸುವವರ ನಡುವೆ ಫೋರ್-ಟು-ವನ್ ಹೆಡರ್‌ಗೆ ಇರುವ ಮರ್ಯಾದೆ ನೋಡಿದರೆ, ಅದು ಇಲ್ಲದ ಎಂಜಿನ್ ಮಾಡಿಫೈ ಆದದ್ದೇ ಅಲ್ಲ ಎನ್ನಬೇಕು. ನಾಲ್ಕು ಉದ್ದನೆಯ ಕೊಳವೆಗಳು ಬಳುಕಿ ಬಂದು ಒಂದೇ ಕಲೆಕ್ಟರ್‌ನೊಳಗೆ ಇಳಿಯುವ ಆ ವಸ್ತು, ಬಾನೆಟ್ ಎತ್ತಿದರೆ ಕಣ್ಣಿಗೆ ಹಬ್ಬ, ಆರು ಸಾವಿರ ಆರ್‌ಪಿಎಂ ದಾಟಿದರೆ ಕಿವಿಗೂ ಹಬ್ಬ. ಪಕ್ಕದಲ್ಲೇ ಇರುವ ಫೋರ್-ಟು-ಟು-ವನ್ ಅನ್ನು ಅಂಗಡಿಯವರೇ "ಅದು ಸಿಟಿ ಓಡಾಟಕ್ಕೆ ಸರ್" ಎಂದು ಬದಿಗೆ ಸರಿಸುತ್ತಾರೆ. ನನ್ನ ತಕರಾರು ಈ ತಾರತಮ್ಯದ ಮೇಲೆ. ಟರ್ಬೊ ಇಲ್ಲದ, ಕ್ಯಾಮ್ ಬದಲಾದ, ರಸ್ತೆಯಲ್ಲೇ ಓಡಬೇಕಾದ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಫೋರ್-ಟು-ವನ್ ಬಹುಪಾಲು ತಪ್ಪು ಆಯ್ಕೆ. ಅದರ ಕೀರ್ತಿಯನ್ನು ಹೊತ್ತು ನಿಂತಿರುವುದು ರೇಸ್ ಟ್ರ್ಯಾಕಿನ ವೈಭವ ಮತ್ತು ಒಂದು ಸೂತ್ರ. ವೈಭವದ ಮಾತು ಆಮೇಲೆ. ಸೂತ್ರವನ್ನು ಮೊದಲು ನೋಡೋಣ.

ಎರಕದ ಮ್ಯಾನಿಫೋಲ್ಡ್ ಯಾಕೆ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಎಕ್ಸಾಸ್ಟ್ ವಾಲ್ವ್ ತೆರೆದಾಗ ಹುಟ್ಟಿದ ಒತ್ತಡದ ಅಲೆ ಕೊಳವೆಯ ತುದಿಯಿಂದ ಹೀರುವ ಅಲೆಯಾಗಿ ಹೇಗೆ ಮರಳುತ್ತದೆ, ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಹೊತ್ತಿಗೆ ಅದು ಬಂದು ಮುಟ್ಟಿದರೆ ಏನು ಲಾಭ, ಇವನ್ನೆಲ್ಲ ಈ ವಿಷಯ ಓದುವವರಿಗೆ ಮತ್ತೆ ಹೇಳಬೇಕಿಲ್ಲ. ಎ. ಗ್ರಹಾಂ ಬೆಲ್ ಅವರ ಫೋರ್-ಸ್ಟ್ರೋಕ್ ಟ್ಯೂನಿಂಗ್ ಪುಸ್ತಕದಿಂದ ಗ್ಯಾರೇಜು ಗ್ಯಾರೇಜಿಗೂ ಹಬ್ಬಿದ ಸೂತ್ರ ಹೀಗಿದೆ: ಪಿಸ್ಟನ್ ಕೆಳತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೋ ಅದಕ್ಕೆ 180 ಕೂಡಿಸಿ, 850ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, 3 ಕಳೆಯಿರಿ. ಬಂದದ್ದು ಪ್ರೈಮರಿ ಕೊಳವೆಯ ಉದ್ದ, ಇಂಚಿನಲ್ಲಿ. ಒಳವ್ಯಾಸಕ್ಕೆ ಇದರದೇ ಜೋಡಿ ಸೂತ್ರವಿದೆ: ಆ ಉದ್ದಕ್ಕೆ 3 ಸೇರಿಸಿ 25ರಿಂದ ಗುಣಿಸಿ, ಒಂದು ಸಿಲಿಂಡರಿನ ಸಿಸಿಯನ್ನು ಅದರಿಂದ ಭಾಗಿಸಿ, ವರ್ಗಮೂಲ ತೆಗೆದು 2.1ರಿಂದ ಗುಣಿಸುವುದು.

ನಮ್ಮ ರ್‍ಯಾಲಿಗಳಲ್ಲಿ ದುಡಿದು ಹಣ್ಣಾದ ಎಂಜಿನ್ನನ್ನೇ ಇದಕ್ಕೆ ಒಡ್ಡೋಣ. ಎಸ್ಟೀಮ್‌ನಲ್ಲೂ ಜಿಪ್ಸಿಯಲ್ಲೂ ಬಂದ ಸುಜುಕಿಯ ಜಿ13, 1298 ಸಿಸಿ, ಸಿಲಿಂಡರಿಗೆ 324.5. ಸ್ವಲ್ಪ ಚುರುಕಾದ ಕ್ಯಾಮ್ ಹಾಕಿದ್ದೇವೆ, ಎಕ್ಸಾಸ್ಟ್ ವಾಲ್ವ್ 60 ಡಿಗ್ರಿ ಮೊದಲೇ ತೆರೆಯುತ್ತದೆ ಎಂದಿಟ್ಟುಕೊಳ್ಳಿ. ಆರ್‌ಪಿಎಂ ಜಾಗದಲ್ಲಿ 6500 ಬರೆದರೆ ಉದ್ದ 28.4 ಇಂಚು, ಒಳವ್ಯಾಸ 1.35. ಅಲ್ಲೇ 8000 ಬರೆದರೆ 22.5 ಇಂಚು, 1.5. ಹದಿನಾರು ವಾಲ್ವಿನ ಜಿಪ್ಸಿಗೆ ಕಂಪನಿ ಹೇಳಿದ ಗರಿಷ್ಠ ಟಾರ್ಕ್ 103 ನ್ಯೂಟನ್ ಮೀಟರ್ ಬರುವುದು 4500ರಲ್ಲಿ. ಅದನ್ನು ಬರೆದರೆ 42.3 ಇಂಚು, 1.12.

ಈಗ ಕ್ಯಾಮ್ ಬದಲಿಸಿ ನೋಡಿ. ಅರವತ್ತರ ಜಾಗದಲ್ಲಿ ಎಪ್ಪತ್ತು ಡಿಗ್ರಿ, ಅಂದರೆ ಎಂಜಿನ್ನಿನ ಸ್ವಭಾವವೇ ಬದಲಾಗುವಷ್ಟು ದೊಡ್ಡ ವ್ಯತ್ಯಾಸ. 6500ಕ್ಕೆ ಉದ್ದ 1.3 ಇಂಚು ಮಾತ್ರ ಹೆಚ್ಚುತ್ತದೆ. ಬೆಂಡ್ ಕತ್ತರಿಸಿ ಕೂಡಿಸುವಾಗಲೇ ಅಷ್ಟು ಆಚೀಚೆ ಆಗಿರುತ್ತದೆ. ಆದರೆ ಆರ್‌ಪಿಎಂ ಅನ್ನು 6500ರಿಂದ 8000ಕ್ಕೆ ಏರಿಸಿದ ಕೂಡಲೇ ಆರು ಇಂಚು ಮಾಯ. ಹಾಗಾದರೆ ಈ ಸೂತ್ರ ಲೆಕ್ಕ ಹಾಕುತ್ತಿರುವುದು ಏನನ್ನು? ಕ್ಯಾಮ್ ಬಗ್ಗೆ ಅದಕ್ಕೆ ಹೆಚ್ಚು ಕಾಳಜಿಯಿಲ್ಲ, ಹೆಡ್ ಎಷ್ಟು ಗಾಳಿ ಬಿಡುತ್ತದೆ ಎಂದು ಅದು ಕೇಳುವುದೇ ಇಲ್ಲ. ಮಾಲೀಕ ತನ್ನ ಎಂಜಿನ್ ಎಷ್ಟು ಸುತ್ತಬೇಕೆಂದು ಆಸೆಪಟ್ಟಿದ್ದಾನೋ ಆ ಆಸೆಯನ್ನು ಇಂಚಿಗೆ ಇಳಿಸಿ ವಾಪಸು ಕೊಡುತ್ತದೆ. ಆ ಖಾಲಿ ಜಾಗದಲ್ಲಿ 4500 ಬರೆಯುವಷ್ಟು ವಿನಯ ಯಾರಿಗಿದೆ? ಎಲ್ಲರೂ ಬರೆಯುವುದು ರೆಡ್‌ಲೈನ್. ಗಿಡ್ಡ ದಪ್ಪ ಕೊಳವೆ ಬರುತ್ತದೆ, ಅದಕ್ಕೆ ವಿಜ್ಞಾನದ ಮುದ್ರೆಯೂ ಬೀಳುತ್ತದೆ.

ಆ ಮುದ್ರೆಯನ್ನೂ ಸ್ವಲ್ಪ ಉಜ್ಜಿ ನೋಡಬೇಕು. ವಾಲ್ವ್ ತೆರೆದ ಕ್ಷಣದಿಂದ ಪಿಸ್ಟನ್ ಮೇಲ್ತುದಿ ಮುಟ್ಟುವವರೆಗಿನ ಅವಧಿಯಲ್ಲಿ ಅಲೆ ಒಮ್ಮೆ ಹೋಗಿ ಬರುವಂತೆ ಉದ್ದ ಹೊಂದಿಸುವುದು ಈ ಸೂತ್ರದ ತರ್ಕ ಎಂದು ಅದರ ಭಕ್ತರು ವಿವರಿಸುತ್ತಾರೆ. ಕಳೆಯುವ 3 ಇಂಚು ಹೆಡ್‌ನೊಳಗಿನ ಪೋರ್ಟಿನ ಉದ್ದವಂತೆ. ಸರಿ, ಹಾಗೇ ಓದೋಣ. ಆಗ 850 ಎಂಬ ಅಂಕಿಯೊಳಗೆ ಅಡಗಿರುವ ಅಲೆಯ ವೇಗ ಸೆಕೆಂಡಿಗೆ 850 ಅಡಿ, ಸುಮಾರು 259 ಮೀಟರ್. ನಮ್ಮ ಕೋಣೆಯ ತಣ್ಣನೆ ಗಾಳಿಯಲ್ಲೇ ಶಬ್ದ ಸೆಕೆಂಡಿಗೆ 340 ಮೀಟರಿಗಿಂತ ಹೆಚ್ಚು ಓಡುತ್ತದೆ. ಕೆಂಪಗೆ ಕಾಯುವ ಹೆಡರಿನೊಳಗೆ ಅದು ಐನೂರರ ಮೇಲೆಯೇ. ಎಂದರೆ ಅಲೆ ಸೂತ್ರ ಹೇಳಿದ ಅರ್ಧ ಅವಧಿಯಲ್ಲೇ ಮರಳಿ ಬಂದಿರುತ್ತದೆ. 520 ಮೀಟರ್ ಎಂದು ಹಿಡಿದರೆ, 28.4 ಇಂಚಿನ ಕೊಳವೆಯಲ್ಲಿ, ಪೋರ್ಟೂ ಸೇರಿ, ಹೋಗಿಬರಲು 3 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. 6500ರಲ್ಲಿ ಅದು 120 ಡಿಗ್ರಿ. ಓವರ್‌ಲ್ಯಾಪ್ ಇರುವುದು, ವಾಲ್ವ್ ತೆರೆದ ಕ್ಷಣದಿಂದ ಎಣಿಸಿದರೆ, 240ರ ಆಸುಪಾಸಿನಲ್ಲಿ!

ಅಲೆ ಎಂದರೆ ಸೂಜಿಯ ಮೊನೆಯಲ್ಲ, ಅದಕ್ಕೆ ಅಗಲವಿದೆ, ವಾಲ್ವ್ ಸಾಕಷ್ಟು ತೆರೆಯುವವರೆಗೆ ಅದರ ಶಿಖರ ಹೊರಡುವುದೇ ಇಲ್ಲ, ಹಾಗಾಗಿ ಉತ್ತರ ಸುಮಾರಾಗಿ ಸರಿಹೋಗುತ್ತದೆ ಎಂದು ವಾದಿಸಬಹುದು. ಒಪ್ಪುತ್ತೇನೆ. ಆದರೆ ಹಾಗೆ ಒಪ್ಪಿದ ಮೇಲೆ 850 ಎಂಬುದು ಡೈನೋ ಮೇಲೆ ಬೆವರಿಳಿಸಿದವರ ಅನುಭವದ ಅಂಕಿ, ಅಲೆಯ ಗಣಿತದಿಂದ ಇಳಿದುಬಂದದ್ದಲ್ಲ ಎಂದೂ ಒಪ್ಪಬೇಕು. ಅನುಭವದ ಅಂಕಿಗೆ ನನ್ನ ವಿರೋಧವಿಲ್ಲ. ಅದನ್ನು ದಶಾಂಶದವರೆಗೆ ಹೇಳಿ ಗಿರಾಕಿಯ ಬಾಯಿ ಮುಚ್ಚಿಸುವುದಕ್ಕೆ ವಿರೋಧ.

ಸೂತ್ರ ಬಾಯಿ ಬಿಡದ ಸಂಗತಿ ಇನ್ನೊಂದಿದೆ. ಫೋರ್-ಟು-ವನ್‌ನ ನಿಜವಾದ ದೋಷ ಇರುವುದು ಅಲ್ಲಿ. ಫೈರಿಂಗ್ ಆರ್ಡರ್ 1-3-4-2. ಒಂದನೇ ಸಿಲಿಂಡರ್ ಎಕ್ಸಾಸ್ಟ್ ತೆರೆದ 180 ಡಿಗ್ರಿಗೆ ಮೂರನೆಯದು ತೆರೆಯುತ್ತದೆ. ಅಷ್ಟರಲ್ಲಿ ಒಂದನೆಯದು ಇನ್ನೂ ಮುಚ್ಚಿರುವುದಿಲ್ಲ. ನಮ್ಮ ಕ್ಯಾಮಿನಲ್ಲಿ ಅದು ಮೇಲ್ತುದಿ ದಾಟಿ 25 ಡಿಗ್ರಿಗೆ ಮುಚ್ಚುತ್ತದೆ ಎಂದುಕೊಂಡರೆ, 265ರವರೆಗೆ ಬಾಗಿಲು ತೆರೆದೇ ಇದೆ. ಮೂರನೆಯದರ ಒತ್ತಡದ ಅಲೆ ತನ್ನ ಕೊಳವೆಯಲ್ಲಿ ಇಳಿದು, ಕಲೆಕ್ಟರಿನಲ್ಲಿ ತಿರುಗಿ, ಒಂದನೆಯದರ ಕೊಳವೆ ಹತ್ತುತ್ತದೆ. ಪಕ್ಕದ ಮನೆಯ ಕೊಳೆನೀರು ನಮ್ಮ ಬಚ್ಚಲಲ್ಲಿ ಉಕ್ಕಿದ ಹಾಗೆ. 6500ರಲ್ಲಿ ಈ ಪ್ರಯಾಣಕ್ಕೆ 120 ಡಿಗ್ರಿ ಬೇಕು, ಆದ್ದರಿಂದ ಅದು ಬಂದು ಮುಟ್ಟುವುದು 300ಕ್ಕೆ. ಬಾಗಿಲು ಮುಚ್ಚಿದೆ, ತೊಂದರೆಯಿಲ್ಲ. 4000ಕ್ಕೆ ಇಳಿಸಿ: ಪ್ರಯಾಣ 74 ಡಿಗ್ರಿ, ಮುಟ್ಟುವುದು 254ಕ್ಕೆ. 3000ದಲ್ಲಿ 235ಕ್ಕೆ. ಸರಿಯಾಗಿ ಓವರ್‌ಲ್ಯಾಪ್ ನಡುವೆ, ಇನ್‌ಟೇಕ್ ವಾಲ್ವ್ ಕೂಡ ತೆರೆದಿರುವಾಗ. ಹೀರಬೇಕಾದ ಹೊತ್ತಿನಲ್ಲಿ ಸುಟ್ಟ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಲೆಕ್ಕ ಸ್ಥೂಲವೇ, ಶಿಖರ ತಡವಾಗಿ ಹೊರಡುವುದನ್ನು ಸೇರಿಸಿದರೆ ಈ ಗುಂಡಿ ಇನ್ನಷ್ಟು ಕೆಳಗಿನ ಆರ್‌ಪಿಎಂಗೆ ಸರಿದೀತು. ಗುಂಡಿಯಂತೂ ಹೋಗುವುದಿಲ್ಲ.

ಫೋರ್-ಟು-ಟು-ವನ್‌ನಲ್ಲಿ ಒಂದಕ್ಕೆ ನಾಲ್ಕು, ಎರಡಕ್ಕೆ ಮೂರು ಜೋಡಿ. ಜೋಡಿಯ ನಡುವೆ 360 ಡಿಗ್ರಿ ಅಂತರ, ಹಾಗಾಗಿ ಮೊದಲ ಕೂಡುವಿಕೆಯಲ್ಲಿ ಜಗಳವೇ ಇಲ್ಲ. ಮೂರನೆಯದರ ಅಲೆ ಒಂದನೆಯದನ್ನು ತಲುಪಬೇಕಾದರೆ ಕೂಡುವಿಕೆಗಳನ್ನು ಒಂದೊಂದಾಗಿ ದಾಟಬೇಕು. ಪ್ರತಿ ಕಡೆಯೂ ಒಂದು ಪಾಲು ಬೇರೆ ಕೊಳವೆಗೆ ಹರಿದುಹೋಗಿ, ಮುಟ್ಟುವಷ್ಟರಲ್ಲಿ ಅದು ಸೊರಗಿರುತ್ತದೆ. ಮೇಲ್ತುದಿಯಲ್ಲಿ ಒಂದಿಷ್ಟು ಶಕ್ತಿ ಬಿಟ್ಟುಕೊಡಬೇಕಾಗುತ್ತದೆ ನಿಜ. ಬಿಟ್ಟುಕೊಟ್ಟದ್ದು ಎಲ್ಲಿ, ಪಡೆದದ್ದು ಎಲ್ಲಿ ಎಂದು ನೋಡಿದರೆ ವ್ಯಾಪಾರದಲ್ಲಿ ನಷ್ಟವಿಲ್ಲ. ಎಸ್ಟೀಮ್‌ನಂಥ ಕಾರಿನಲ್ಲಿ ಎರಡರಿಂದ ಮೂರನೇ ಗೇರಿಗೆ ಹೋದರೆ ಆರ್‌ಪಿಎಂ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೀಳುತ್ತದೆ. 6500ರವರೆಗೆ ಎಳೆದು ಗೇರ್ ಹಾಕಿದವನು ಇಳಿಯುವುದು 4400ರ ಸುತ್ತ. 5500ಕ್ಕೇ ಹಾಕಿದವನು 3700ರಲ್ಲಿ, ಗುಂಡಿಯ ನಡುವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ್‍ಯಾಲಿ ಹಾದಿಯಲ್ಲಿ ತಿರುವು ಮುಗಿಸಿ ಮೇಲೆದ್ದು ಬರುವುದೂ ಇದೇ ಆರ್‌ಪಿಎಂನಲ್ಲಿ.

ನನ್ನ ಪಕ್ಷ ಹಿಡಿಯುವವರಲ್ಲೂ ಕೆಲವರ ಜೊತೆ ಜಗಳವಿದೆ. "ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು, ಅದಕ್ಕೇ ಸಣ್ಣ ಪೈಪು" ಎನ್ನುತ್ತಾರೆ. ಯಾವ ಫೋರ್-ಸ್ಟ್ರೋಕ್ ಎಂಜಿನ್ನಿಗೂ ಬ್ಯಾಕ್ ಪ್ರೆಶರ್ ಬೇಕಿಲ್ಲ. ದಪ್ಪ ಪೈಪು ಹಾಕಿಸಿದಾಗ ಅವರ ಕಾರಿನ ಪಿಕಪ್ ಹೋದದ್ದು ನಿಜ, ಕಾರಣ ಮಾತ್ರ ಸುಳ್ಳು: ಹೋದದ್ದು ಗ್ಯಾಸಿನ ವೇಗ. ಟು-ಸ್ಟ್ರೋಕ್ ಬೈಕಿನಲ್ಲಿ ಮರಳಿ ಬರುವ ಒತ್ತಡದ ಅಲೆ ಹೊಸ ಮಿಶ್ರಣವನ್ನು ಹೊರಗೆ ಸೋರದಂತೆ ತಡೆಯುತ್ತದೆ. ಆ ಪಾಠವನ್ನು ತಂದು ಇಲ್ಲಿಗೆ ಅಂಟಿಸಿದ್ದಾರೆಂದು ನನ್ನ ಗುಮಾನಿ. ಸರಿಯಾದ ತೀರ್ಪಿಗೆ ತಪ್ಪು ಕಾರಣ ಕೊಡುವ ಇಂಥವರಿಂದಲೇ ಎದುರು ಪಕ್ಷದವರಿಗೆ ನಗಲು ಅವಕಾಶ. ಉದ್ದಕ್ಕಿಂತ ವ್ಯಾಸಕ್ಕೆ ಹೆಚ್ಚು ತೂಕ ಕೊಟ್ಟು ಬರೆದ ಡೇವಿಡ್ ವಿಜರ್ಡ್ ಅವರ ಮಾತು ಇಬ್ಬರಿಗಿಂತ ಮೇಲು. ಉದ್ದ ಎರಡು ಇಂಚು ತಪ್ಪಿದರೆ ಟಾರ್ಕಿನ ಶಿಖರ ಸ್ವಲ್ಪ ಸರಿಯುತ್ತದೆ. ವ್ಯಾಸ ಕಾಲು ಇಂಚು ಹೆಚ್ಚಾದರೆ ಕೆಳಗಿನ ಆರ್‌ಪಿಎಂ ಪೂರ್ತಿ ಸತ್ತುಹೋಗುತ್ತದೆ.

ಫೋರ್-ಟು-ಟು-ವನ್ ಎಂದರೆ ಸಂಸಾರಸ್ಥರ ಹೆಡರ್ ಎಂದು ಮೂಗು ಮುರಿಯುವವರು ಮಜ್ದಾ ಕಂಪನಿಯ ಸ್ಕೈಆಕ್ಟಿವ್-ಜಿ ಎಂಜಿನ್ ನೋಡಬೇಕು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ 14:1 ಕಂಪ್ರೆಶನ್ ತರಲು ಹೊರಟಾಗ ನಾಕಿಂಗ್ ತಡೆಯಲು ಸಿಲಿಂಡರಿನಲ್ಲಿ ಉಳಿಯುವ ಬಿಸಿ ಗ್ಯಾಸನ್ನು ತೊಳೆದು ಹಾಕಬೇಕಿತ್ತು. ಅದಕ್ಕೆ ಅವರು ಆರಿಸಿದ್ದು ಉದ್ದನೆಯ ಫೋರ್-ಟು-ಟು-ವನ್. ಇದರಿಂದ ಕ್ಯಾಟಲಿಟಿಕ್ ಕನ್ವರ್ಟರ್ ದೂರವಾಗಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಬೇಗ ಕಾಯದ ಕಷ್ಟ ಬಂತು. ಇಗ್ನಿಶನ್ ತಡಮಾಡಿ, ಪಿಸ್ಟನ್ ತಲೆಯಲ್ಲಿ ಕುಳಿ ತೆಗೆದು ಅದನ್ನೂ ನಿಭಾಯಿಸಿದರು. ಒಂದೊಂದು ಬೋಲ್ಟಿನ ಖರ್ಚನ್ನೂ ಲೆಕ್ಕ ಹಾಕುವ ಕಾರು ಕಂಪನಿ ಇಷ್ಟು ತಾಪತ್ರಯ ಹೊತ್ತದ್ದು ಸುಮ್ಮನೆ ಅಲ್ಲ.

ನ್ಯಾಯವಾಗಿ ಹೇಳಬೇಕಾದ ಎರಡು ಮಾತು: ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲೋ ಹತ್ತಿರ ಹತ್ತಿರ ಗೇರುಗಳಿರುವ ಗೇರ್‌ಬಾಕ್ಸ್ ಹಾಕಿ, 5500ರ ಕೆಳಗೆ ಇಳಿಯದೆ ಓಡುವ ಕಾರಿಗೆ ಫೋರ್-ಟು-ವನ್ ಸರಿಯಾದದ್ದೇ. ಬೇರೆಯವರಿಗೆ ಅದರಿಂದ ಸಿಗುವುದು ಸದ್ದು. ಸದ್ದು ಶಕ್ತಿಯ ಲಕ್ಷಣವಲ್ಲ. ಸುಬಾರು ಅಭಿಮಾನಿಗಳು ಪ್ರಾಣ ಬಿಡುವ ಆ ಗುಡುಗುಡು ನಾದ ಹುಟ್ಟುವುದೇ ಕೊಳವೆಗಳ ಉದ್ದ ಸಮವಿಲ್ಲದಿರುವುದರಿಂದ.

ಇದೇ ಜಿ13ಗೆ ನಾನು ಫೋರ್-ಟು-ಟು-ವನ್ ಮಾಡಿಸುವುದಾದರೆ ಸೂತ್ರದಲ್ಲಿ 5500 ಬರೆಯುತ್ತೇನೆ. ಸುಮಾರು 34 ಇಂಚು, ಒಳವ್ಯಾಸ 1.24 ಬರುತ್ತದೆ. ಮೊದಲ 15 ಇಂಚು ಪ್ರೈಮರಿ, ಉಳಿದ 19 ಸೆಕೆಂಡರಿ. ಅಂಗಡಿಯಲ್ಲಿ ಹೇಳುವ ಪೈಪಿನ ಅಳತೆ ಹೊರವ್ಯಾಸದ್ದು ಎಂಬುದು ನೆನಪಿರಲಿ: 1.6 ಮಿಲಿಮೀಟರ್ ದಪ್ಪದ ಗೋಡೆಯಾದರೆ ಕೊಳ್ಳಬೇಕಾದದ್ದು ಒಂದೂ ಮೂರು-ಎಂಟಾಂಶ ಇಂಚಿನ ಪೈಪು. ಫ್ಲಾಂಜ್ ಬಳಿ ಒಳಗೆ ಬೆರಳಾಡಿಸಿ. ವೆಲ್ಡಿಂಗ್ ಗಂಟು ತಾಗಿದರೆ ಆ ಹೆಡರ್ ಅಲ್ಲೇ ಬಿಟ್ಟು ಬನ್ನಿ.

ಅಂಗಡಿಯವರನ್ನು ಕೇಳಬೇಕಾದದ್ದು ಇಷ್ಟೇ: ಯಾವ ಕ್ಯಾಮಿಗೆ ಮಾಡಿದ್ದು, ಒಳವ್ಯಾಸ ಎಷ್ಟು, 2500ರಿಂದ ಶುರುವಾಗುವ ಡೈನೋ ಚಾರ್ಟ್ ಇದೆಯೇ. ಉತ್ತರ ಬರದೆ "ಸೌಂಡ್ ಕೇಳಿ ಸರ್" ಎಂದರೆ, ಕಂಪನಿಯ ಮ್ಯಾನಿಫೋಲ್ಡನ್ನೇ ಇಟ್ಟುಕೊಂಡು ಆ ದುಡ್ಡನ್ನು ಟ್ಯೂನಿಂಗ್‌ಗೆ ಹಾಕಿ.